ಸರ್ಟಿಫಿಕೇಟ್ ಕೊಟ್ಟವರನ್ನು ಕೇಳುವವರು ಯಾರು?

ಪ್ರಶ್ನೆ: ಸರ್, ನಾವು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಸ್ವಸಹಾಯ ಸಂಘದವರು. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್, ತುಡುವೆ ಜೇನುತುಪ್ಪ, ಕಾಳುಮೆಣಸು ಮಾರುತ್ತೇವೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿದೆ. ಇಷ್ಟು ದಿನ ಸಾಗರ, ಶಿವಮೊಗ್ಗದ ಪರಿಚಯದವರಿಗೆ ಮತ್ತು ಮೇಳಗಳಲ್ಲಿ ಕೊಡುತ್ತಿದ್ದೆವು. ಈಗ ಬೆಂಗಳೂರಿನ ಒಂದು ಅಂಗಡಿ ಪ್ರತಿ ತಿಂಗಳು ಮಾಲು ತೆಗೆದುಕೊಳ್ಳಲು ಮುಂದೆ ಬಂದಿದೆ. ಆದರೆ ‘ಸರ್ಟಿಫಿಕೇಟ್ ಬೇಕು, ಆರ್ಗ್ಯಾನಿಕ್ ಅಂತ ಲೇಬಲ್ ಇದ್ದರೆ ಇನ್ನೂ ಒಳ್ಳೆಯದು’ ಎನ್ನುತ್ತಾರೆ. ಅಷ್ಟರಲ್ಲಿ ಒಬ್ಬ ಏಜೆಂಟ್ ಬಂದು ಐಎಸ್‌ಒ 22000, ಜಿಎಂಪಿ, ಎಫ್‌ಡಿಎ, ಆರ್ಗ್ಯಾನಿಕ್ ನಾಲ್ಕೂ ಸೇರಿ 28 ಸಾವಿರಕ್ಕೆ ಒಂದೇ ವಾರದಲ್ಲಿ ಮಾಡಿಸಿಕೊಡುತ್ತೇನೆ, ಯಾರೂ ಬಂದು ನೋಡುವುದಿಲ್ಲ, ಆಧಾರ್ ಮತ್ತು ಫೋಟೊ ಸಾಕು ಎಂದಿದ್ದಾರೆ. ಅವರು ತೋರಿಸಿದ ಮಾದರಿಯಲ್ಲಿ ಸಿಂಹದ ಲಾಂಛನವೂ ಇತ್ತು. ಸಂಘದಲ್ಲಿ ಕೆಲವರು ‘ಸರ್ಕಾರದ ಒಪ್ಪಿಗೆ ಇಲ್ಲದೆ ಇಷ್ಟು ರಾಜಾರೋಷವಾಗಿ ಕೊಡುತ್ತಾರಾ’ ಎನ್ನುತ್ತಾರೆ; ಇನ್ನು ಕೆಲವರು ‘ಸರ್ಟಿಫಿಕೇಟ್ ಅನ್ನೋದೇ ದುಡ್ಡಿನ ಆಟ’ ಎನ್ನುತ್ತಾರೆ. ಖಾಸಗಿಯವರು ಕೊಡುವ ಈ ಪತ್ರಗಳ ಮೇಲೆ ಸರ್ಕಾರದ ಕಣ್ಣು ಇದೆಯೇ? ನಾಳೆ ತೊಂದರೆಯಾದರೆ ಹೊಣೆ ಯಾರು? ‘ಮನೆಯಲ್ಲೇ ಮಾಡಿದ ಶುದ್ಧ ಸಾವಯವ’ ಎಂಬ ಲೇಬಲ್ ಮುದ್ರಿಸಿ ಇಟ್ಟಿದ್ದೇವೆ, ಬಳಸಬಹುದೇ?

ಉತ್ತರ: ಹೊಣೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಬಾಟಲಿಯ ಮೇಲೆ ತಯಾರಕರೆಂದು ಯಾರ ಹೆಸರಿದೆಯೋ ಹೊಣೆ ಅವರದು, ಅಂದರೆ ನಿಮ್ಮ ಸಂಘದ್ದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಲೇಬಲ್‌ನಲ್ಲಿ ಸುಳ್ಳಿದ್ದರೆ 3 ಲಕ್ಷ ರೂಪಾಯಿವರೆಗೆ, ಜನರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು. ಇವು ಗರಿಷ್ಠ ಮೊತ್ತಗಳು. ತಪ್ಪಿನಿಂದ ಎಷ್ಟು ಲಾಭವಾಯಿತು, ಅದೇ ತಪ್ಪು ಮತ್ತೆ ಮತ್ತೆ ಆಗಿದೆಯೇ ಎಂದೆಲ್ಲ ನೋಡಿ ದಂಡ ನಿಗದಿ ಮಾಡುತ್ತಾರೆ. ಆದರೆ ಅಪರ ಜಿಲ್ಲಾಧಿಕಾರಿಗಳ ಮುಂದೆ ವಿಚಾರಣೆಗೆ ನಿಂತಾಗ ‘ಏಜೆಂಟರು ಹೇಳಿದ್ದರು’ ಎಂಬ ಮಾತು ಕೆಲಸಕ್ಕೆ ಬರುವುದಿಲ್ಲ. ಆ ಹೊತ್ತಿಗೆ ಏಜೆಂಟರ ಫೋನು ಸ್ವಿಚ್ ಆಫ್ ಆಗಿರುತ್ತದೆ. ಆಹಾರ ಘಟಕಗಳ ತಪಾಸಣೆಯನ್ನೇ ವೃತ್ತಿ ಮಾಡಿಕೊಂಡಿರುವ ನಾನು ಇದನ್ನು ಹಲವು ಸಲ ಕಂಡಿದ್ದೇನೆ.

ಇನ್ನು ನಿಮ್ಮ ಸಂಘದ ಎರಡು ಗುಂಪುಗಳ ಜಗಳ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಸರ್ಕಾರದ ಕಣ್ಣು ಎಲ್ಲ ಸರ್ಟಿಫಿಕೇಟ್‌ಗಳ ಮೇಲೂ ಒಂದೇ ಸಮನಾಗಿ ಇಲ್ಲ. ಕೆಲವು ಸರ್ಕಾರವೇ ಕೊಡುವಂಥವು. ಕೆಲವನ್ನು ಖಾಸಗಿಯವರು ಕೊಟ್ಟರೂ ನಿಯಮ ಸರ್ಕಾರದ್ದು, ಲಗಾಮೂ ಸರ್ಕಾರದ ಕೈಯಲ್ಲಿ. ಉಳಿದವು ಪೂರ್ತಿ ಖಾಸಗಿ ವ್ಯವಹಾರ. ಅಲ್ಲಿ ಸರ್ಕಾರ ತಲೆ ಹಾಕುವುದು ಯಾರಾದರೂ ಮೋಸ ಹೋಗಿ ದೂರು ಕೊಟ್ಟ ಮೇಲೆ. ಏಜೆಂಟರ ಜಾಣತನ ಇರುವುದು ಈ ಮೂರನ್ನೂ ಒಂದೇ ಫೈಲಿನಲ್ಲಿ ಹಾಕಿ, ಒಂದೇ ಬಣ್ಣದ ಹಾಳೆಯಲ್ಲಿ ಮುದ್ರಿಸಿ ಕೊಡುವುದರಲ್ಲಿ.

ನಿಮ್ಮ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲನೆಯ ಬಗೆಯದು. ಅದರ 14 ಅಂಕಿಯ ಸಂಖ್ಯೆ ನೀವು ಯಾರು, ಎಲ್ಲಿದ್ದೀರಿ, ಏನು ತಯಾರಿಸುತ್ತೀರಿ ಎಂಬುದು ಸರ್ಕಾರಕ್ಕೆ ಗೊತ್ತಿದೆ ಎಂದು ಹೇಳುತ್ತದೆ. ಉಪ್ಪಿನಕಾಯಿ ಚೆನ್ನಾಗಿದೆ ಎಂದು ಅದು ಹೇಳುವುದಿಲ್ಲ. ಎಷ್ಟೋ ಗ್ರಾಹಕರು ಆ ಚಿಹ್ನೆ ಕಂಡರೆ ಸರ್ಕಾರ ರುಚಿ ನೋಡಿ ಪಾಸು ಮಾಡಿದೆ ಎಂದೇ ತಿಳಿಯುತ್ತಾರೆ. ಹಾಗಂತ ನೋಂದಣಿಯನ್ನು ಹಗುರವಾಗಿಯೂ ಕಾಣಬೇಡಿ. ಅದರ ಜೊತೆಗೆ ಪರಿಶಿಷ್ಟ 4 ಎಂಬ ಸ್ವಚ್ಛತೆಯ ನಿಯಮಗಳು ನಿಮಗೆ ಕಾನೂನಿನಂತೆ ಅನ್ವಯವಾಗುತ್ತವೆ: ನೀರು, ಪಾತ್ರೆ, ಕೈ, ಇಲಿ, ಜಿರಲೆ, ಕಸ ಎಲ್ಲವೂ ಅದರಲ್ಲಿದೆ. ಏಜೆಂಟರು ‘ಜಿಎಂಪಿ’ (ಒಳ್ಳೆಯ ತಯಾರಿಕಾ ಕ್ರಮ) ಎಂದು ಪ್ರತ್ಯೇಕ ದುಡ್ಡಿಗೆ ಮಾರುತ್ತಿರುವುದು ಬಹುಪಾಲು ಇದನ್ನೇ. ನೀವು ಆಗಲೇ ಮಾಡಬೇಕಿರುವ ಕೆಲಸಕ್ಕೆ ಅವರು ಬರಿ ಹಾಳೆ ಕೊಡುತ್ತಾರೆ.

ಎಫ್‌ಡಿಎ ಅಮೆರಿಕದ ಸರ್ಕಾರಿ ಸಂಸ್ಥೆ. ಆ ದೇಶಕ್ಕೆ ಆಹಾರ ಕಳಿಸುವ ಘಟಕಗಳು ಅಲ್ಲಿ ಹೆಸರು ನೋಂದಾಯಿಸಬೇಕು. ಆ ನೋಂದಣಿ ಗುಣಮಟ್ಟಕ್ಕೆ ಒಪ್ಪಿಗೆಯಲ್ಲ, ಅದಕ್ಕೆ ಅವರು ಸರ್ಟಿಫಿಕೇಟ್ ಕೊಡುವುದೂ ಇಲ್ಲ. ಹೊಸನಗರದಿಂದ ಬೆಂಗಳೂರಿಗೆ ಹೋಗುವ ಉಪ್ಪಿನಕಾಯಿಗೆ ಅಮೆರಿಕದ ಅಪ್ಪಣೆ ಯಾಕೆ ಎಂದು ನೀವೇ ಅವರನ್ನು ಕೇಳಬಹುದಿತ್ತು.

ಈಗ ಐಎಸ್‌ಒ. ಇದರ ಸುತ್ತ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಸುತ್ತಲೂ ಇಲ್ಲ. ಐಎಸ್‌ಒ ಎಂಬುದು 1947ರಲ್ಲಿ ಶುರುವಾದ, ಜಿನೀವಾದಲ್ಲಿರುವ ಸಂಸ್ಥೆ. ಅದು ಯಾವ ಸರ್ಕಾರದ್ದೂ ಅಲ್ಲ. ಬೇರೆ ಬೇರೆ ದೇಶಗಳ ಮಾನಕ ಸಂಸ್ಥೆಗಳು ಅದರ ಸದಸ್ಯರು, ನಮ್ಮ ದೇಶದಿಂದ ಭಾರತೀಯ ಮಾನಕ ಬ್ಯೂರೋ ಇದೆ. ಐಎಸ್‌ಒ ಮಾನದಂಡ ಬರೆಯುತ್ತದೆ, ಅಷ್ಟೇ. ಯಾರಿಗೂ ಅದು ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡುವವರು ಬೇರೆ ಕಂಪನಿಗಳು. ನಮ್ಮಲ್ಲಿ ಅಂಥ ಕಂಪನಿ ತೆರೆಯಲು ಮೊದಲು ಸರ್ಕಾರದ ಮಾನ್ಯತೆ ಪಡೆದಿರಲೇಬೇಕು ಎಂಬ ಕಡ್ಡಾಯವಿಲ್ಲ. ‘ಇಷ್ಟು ರಾಜಾರೋಷವಾಗಿ ಕೊಡುತ್ತಾರಾ’ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಹಾಗಾದರೆ ಒಳ್ಳೆಯ ಕಂಪನಿ, ಕೆಟ್ಟ ಕಂಪನಿ ಎಂದು ಗುರುತಿಸುವುದು ಹೇಗೆ? ಅದಕ್ಕೊಂದು ಮೇಲಿನ ಹಂತವಿದೆ. ಕೇಂದ್ರ ಸರ್ಕಾರ ಮತ್ತು ಉದ್ಯಮ ಸಂಘಟನೆಗಳು ಸೇರಿ 1997ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ಕಟ್ಟಿದವು. ಅದರ ಕೆಳಗಿನ ಎನ್‌ಎಬಿಸಿಬಿ ಎಂಬ ಮಂಡಳಿ ಸರ್ಟಿಫಿಕೇಟ್ ಕೊಡುವ ಕಂಪನಿಗಳನ್ನೇ ತಪಾಸಣೆ ಮಾಡಿ ಮಾನ್ಯತೆ ಕೊಡುತ್ತದೆ, ತಪ್ಪಿದರೆ ಹಿಂದಕ್ಕೆ ಪಡೆಯುತ್ತದೆ. ಪ್ರಯೋಗಾಲಯಗಳಿಗೆ ಎನ್‌ಎಬಿಎಲ್ ಹೀಗೇ ಇದೆ. ಐಎಸ್‌ಒ ಪತ್ರ ಕೊಡುವ ಕಂಪನಿ ಇದರಡಿ ಬರುವುದು ಸ್ವಂತ ಇಚ್ಛೆಯಿಂದ. ಬಾರದವರು ಏನು ಮಾಡುತ್ತಾರೆ ಗೊತ್ತೇ? ತಾವೇ ದೊಡ್ಡ ಹೆಸರಿನ ಒಂದು ‘ಮಾನ್ಯತಾ ಮಂಡಳಿ’ ಹುಟ್ಟುಹಾಕಿ, ಅದರಿಂದ ತಮಗೇ ಮಾನ್ಯತೆ ಬರೆದುಕೊಳ್ಳುತ್ತಾರೆ. ಮಗನ ಜಾತಕವನ್ನು ಅಪ್ಪನೇ ಬರೆದು, ಅಪ್ಪನೇ ಮೂವತ್ತಾರು ಗುಣ ಕೂಡಿಸಿದ ಹಾಗೆ. ಪತ್ರದ ಕೆಳಗಿರುವ ಮಾನ್ಯತಾ ಸಂಸ್ಥೆಯ ಹೆಸರನ್ನು ಓದಿ. ಅದು ಎನ್‌ಎಬಿಸಿಬಿ ಅಥವಾ ಅದರೊಡನೆ ಅಂತರರಾಷ್ಟ್ರೀಯ ಒಪ್ಪಂದದಲ್ಲಿರುವ ಬೇರೆ ದೇಶದ ಸಂಸ್ಥೆ ಆಗಿರದಿದ್ದರೆ ಆ ಹಾಳೆಗೆ ಬೆಲೆ ಇಲ್ಲ. ಎನ್‌ಎಬಿಸಿಬಿ ಮಾನ್ಯತೆ ಪಡೆದವರ ಪಟ್ಟಿ ಅದರ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ.

ಐಎಸ್‌ಒ 22000 ಎಂದರೆ ಆಹಾರ ಸುರಕ್ಷತೆಯ ಮಾನದಂಡ. ಅದರ ನಿಜವಾದ ತಪಾಸಣೆ ಎರಡು ಹಂತದಲ್ಲಿ ನಡೆಯುತ್ತದೆ. ತಪಾಸಕರು ಜಾಗಕ್ಕೆ ಬರುತ್ತಾರೆ. ಬಾವಿ ನೀರು ಎಂದು ಪರೀಕ್ಷೆ ಮಾಡಿಸಿದಿರಿ, ಭರಣಿ ತೊಳೆದವರು ಯಾರು, ಒಂದು ತಂಡದ (ಬ್ಯಾಚಿನ) ಮಾಲು ಕೆಟ್ಟರೆ ಅದು ಯಾವ ಯಾವ ಅಂಗಡಿಗೆ ಹೋಗಿದೆ ಎಂದು ಅರ್ಧ ದಿನದಲ್ಲಿ ಹೇಳಬಲ್ಲಿರಾ ಎಂದೆಲ್ಲ ಕೇಳುತ್ತಾರೆ. ಪತ್ರ 3 ವರ್ಷದ್ದಾದರೂ ವರ್ಷಕ್ಕೊಮ್ಮೆ ಮತ್ತೆ ಬರುತ್ತಾರೆ. ‘ಯಾರೂ ಬಂದು ನೋಡುವುದಿಲ್ಲ’ ಎಂಬ ಮಾತಿನಲ್ಲೇ ನಿಮ್ಮ ಏಜೆಂಟರ ಬಂಡವಾಳ ಹೊರಬಿದ್ದಿದೆ. ಇನ್ನೊಂದು ಮಾತು: ಸಾಚಾ ಐಎಸ್‌ಒ 22000 ಕೂಡ ನೀವು ಕೆಲಸ ಮಾಡುವ ಕ್ರಮಕ್ಕೆ ಸಿಗುವ ಪತ್ರ. ಉಪ್ಪಿನಕಾಯಿಗೇ ಪ್ರಮಾಣ ಸಿಕ್ಕಿದೆ ಎನ್ನುವಂತೆ ಬಾಟಲಿಯ ಮೇಲೆ ಅದರ ಮುದ್ರೆ ಹಾಕುವಂತಿಲ್ಲ.

ನಾಲ್ಕನೆಯದಾದ ಆರ್ಗ್ಯಾನಿಕ್‌ನಲ್ಲಿ ಕಥೆ ಬೇರೆ. ಇಲ್ಲಿ ಪತ್ರ ಕೊಡುವವರು ಹೆಚ್ಚಾಗಿ ಖಾಸಗಿಯವರಾದರೂ ಅವರಿಗೆ ಇಷ್ಟಬಂದ ಹಾಗೆ ಕೊಡಲು ಬರುವುದಿಲ್ಲ. 2001ರಿಂದ ಕೇಂದ್ರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, ಅಂದರೆ ಎನ್‌ಪಿಒಪಿ, ನಡೆಯುತ್ತಿದೆ, ನೋಡಿಕೊಳ್ಳುವುದು ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ. ಅದರಿಂದ ಮಾನ್ಯತೆ ಪಡೆದ ಸಂಸ್ಥೆಗಳು ಮಾತ್ರ ಈ ಪ್ರಮಾಣಪತ್ರ ಕೊಡಬಹುದು. ಅವುಗಳಲ್ಲಿ ನಮ್ಮ ರಾಜ್ಯ ಸರ್ಕಾರದ್ದೇ ಒಂದಿದೆ: ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ. ಎರಡನೆಯ ದಾರಿ ಕೃಷಿ ಸಚಿವಾಲಯದ ಪಿಜಿಎಸ್-ಇಂಡಿಯಾ. ಇದರಲ್ಲಿ ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ ಪರಸ್ಪರ ಜಾಮೀನು ನಿಲ್ಲುತ್ತಾರೆ. ಎಫ್‌ಎಸ್‌ಎಸ್‌ಎಐನ 2017ರ ಸಾವಯವ ಆಹಾರ ನಿಯಮಗಳು 2018ರ ಜುಲೈಯಿಂದ ಜಾರಿಗೆ ಬಂದ ಮೇಲೆ, ಈ ಎರಡರಲ್ಲಿ ಒಂದಾದರೂ ಇಲ್ಲದೆ ‘ಸಾವಯವ’ ಎಂದು ಬರೆದು ಅಂಗಡಿಯಲ್ಲಿ ಮಾರುವಂತಿಲ್ಲ. ಇದ್ದವರು ಸರ್ಕಾರ ಗೊತ್ತುಪಡಿಸಿದ ಸಾವಯವ ಚಿಹ್ನೆ ಹಾಕಬೇಕು.

ಸಣ್ಣ ಬೆಳೆಗಾರರಿಗೆ ಒಂದು ವಿನಾಯಿತಿ ಇದೆ. ತಾವೇ ಬೆಳೆದದ್ದನ್ನು ತಿನ್ನುವವರ ಕೈಗೇ ನೇರವಾಗಿ ಮಾರುವ ಸಣ್ಣ ಉತ್ಪಾದಕರಿಗೆ, ಅವರ ಸಂಘಗಳಿಗೆ ಪ್ರಮಾಣಪತ್ರ ಕಡ್ಡಾಯವಲ್ಲ. ಚಿಹ್ನೆ ಮಾತ್ರ ಬಳಸುವಂತಿಲ್ಲ. ನೀವು ಮೇಳದಲ್ಲಿ ಕೂತು ಕಾಳುಮೆಣಸು ಮಾರುವಾಗ ಇದರ ಆಸರೆ ಸಿಗಬಹುದು. ಅದೇ ಮೆಣಸು ಬೆಂಗಳೂರಿನ ಅಂಗಡಿಯ ಕಪಾಟು ಸೇರಿದ ಕೂಡಲೇ ವಿನಾಯಿತಿ ಮುಗಿಯಿತು, ಮಧ್ಯೆ ವ್ಯಾಪಾರಿ ಬಂದರಲ್ಲ.

ಈಗ ನಿಮ್ಮ ಮಾಲನ್ನೇ ಒಂದೊಂದಾಗಿ ನೋಡೋಣ. ‘ನಾವು ಗೊಬ್ಬರದ ಅಂಗಡಿಯ ಮುಖ ನೋಡಿದವರಲ್ಲ, ಎಲ್ಲ ಸಾವಯವವೇ’ ಎಂದು ಮಲೆನಾಡಿನವರು ಸಲೀಸಾಗಿ ಹೇಳುತ್ತೇವೆ. ನಿಮ್ಮ ಕಾಳುಮೆಣಸಿನ ಬಳ್ಳಿ ಅಡಿಕೆ ಮರಕ್ಕೇ ಹಬ್ಬಿದೆ ತಾನೆ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ ದ್ರಾವಣ ಹೊಡೆಸುತ್ತೀರಿ. ಮೈಲುತುತ್ತ ಸಾವಯವದಲ್ಲಿ ಪೂರ್ತಿ ನಿಷಿದ್ಧವಲ್ಲ, ನಿರ್ಬಂಧಿತ ಪಟ್ಟಿಯಲ್ಲಿದೆ. ಎಷ್ಟು, ಯಾವಾಗ ಹೊಡೆದಿರಿ ಎಂಬ ಲೆಕ್ಕ ಇಟ್ಟು ಪ್ರಮಾಣನ ಸಂಸ್ಥೆಯ ಒಪ್ಪಿಗೆ ಪಡೆಯಬೇಕು. ಜೊತೆಗೆ ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಎನ್‌ಪಿಒಪಿಯಲ್ಲಿ 3 ವರ್ಷದ ಪರಿವರ್ತನೆಯ ಅವಧಿ ಇದೆ. ಒಂದು ವಾರದಲ್ಲಿ ಅದು ಹೇಗೆ ಕಳೆಯಿತು?

ಅಪ್ಪೆಮಿಡಿ ಇನ್ನೂ ಸೂಕ್ಷ್ಮ. ಮಿಡಿ ಬರುವುದು ಹೊಳೆದಂಡೆಯ ಮರದಿಂದ, ಸೊಪ್ಪಿನಬೆಟ್ಟದಿಂದ, ಕಾಡಂಚಿನಿಂದ. ಯಾರೂ ಔಷಧಿ ಹೊಡೆಯದ ಮರ ನಿಜ. ಆದರೂ ಕಾಡುತ್ಪತ್ತಿಗೆ ನಿಯಮವೇ ಬೇರೆ. ಯಾವ ಜಾಗದಿಂದ ಕೊಯ್ದದ್ದು ಎಂದು ಗಡಿ ಗುರುತಿಸಿ ತೋರಿಸಬೇಕು, ಕೊಯ್ಯಲು ಹಕ್ಕಿದೆ ಎಂಬ ದಾಖಲೆ ಬೇಕು. ಅದನ್ನೂ ದಾಟಿದಿರಿ ಎನ್ನಿ. ಉಪ್ಪಿನಕಾಯಿ ಮಿಡಿ ಒಂದರಿಂದಲೇ ಆಗುವುದಿಲ್ಲವಲ್ಲ. ನೀರು, ಉಪ್ಪು ಬಿಟ್ಟು ಉಳಿದ ಪದಾರ್ಥಗಳಲ್ಲಿ ತೂಕದ ಲೆಕ್ಕದಲ್ಲಿ ಶೇ 95ರಷ್ಟಾದರೂ ಪ್ರಮಾಣಿತ ಸಾವಯವ ಆಗಿದ್ದರೆ ಮಾತ್ರ ಇಡೀ ಉಪ್ಪಿನಕಾಯಿಯನ್ನು ಸಾವಯವ ಎನ್ನಬಹುದು. ನಿಮ್ಮ ಒಣಮೆಣಸು, ಸಾಸಿವೆ ಬರುವುದು ಸಂತೆಯಿಂದ. ಅಲ್ಲಿಗೆ ಆ ಆಸೆ ಸದ್ಯಕ್ಕೆ ಬಿಡಿ. ಬೇಸರ ಬೇಡ, ನನಗೆ ಗೊತ್ತಿರುವ ಒಳ್ಳೆಯ ಅಪ್ಪೆಮಿಡಿ ಉಪ್ಪಿನಕಾಯಿ ಯಾವುದರ ಮೇಲೂ ಆ ಚಿಹ್ನೆ ಇಲ್ಲ, ಜನ ಸಾಲುಗಟ್ಟಿ ಕೊಳ್ಳುತ್ತಾರೆ.

‘ದುಡ್ಡಿನ ಆಟ’ ಎಂದವರ ಕಡೆಗೂ ಬರಬೇಕಲ್ಲ. ಪತ್ರ ಬೇಕಾದವರೇ ಪತ್ರ ಕೊಡುವವರಿಗೆ ಶುಲ್ಕ ಕಟ್ಟುವುದು ಈ ಇಡೀ ವ್ಯವಸ್ಥೆಯ ಹುಟ್ಟುಗುಣ. ಬಿಗಿ ಮಾಡಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ ಎಂಬ ಭಯ ಒಳ್ಳೆಯ ಸಂಸ್ಥೆಗೂ ಇರುತ್ತದೆ. ಅದಕ್ಕೇ ಮೇಲೊಂದು ಸರ್ಕಾರಿ ಕಣ್ಣು ಬೇಕು, ಆ ಕಣ್ಣೂ ಕೆಲವೊಮ್ಮೆ ಮುಚ್ಚಿರುತ್ತದೆ. ಅಪೆಡಾದ ಉಸ್ತುವಾರಿಯನ್ನು ನಂಬಿ ನಮ್ಮ ಸಾವಯವ ಪತ್ರಗಳನ್ನು ಒಪ್ಪುತ್ತಿದ್ದ ಅಮೆರಿಕ 2021ರ ಜನವರಿಯಲ್ಲಿ ಆ ಏರ್ಪಾಟನ್ನು ಕೊನೆಗೊಳಿಸುವುದಾಗಿ ಹೇಳಿತು. ಅದೇ ವರ್ಷದ ಕೊನೆಗೆ ಐರೋಪ್ಯ ಒಕ್ಕೂಟ ಭಾರತದ ಐದು ಪ್ರಮಾಣನ ಸಂಸ್ಥೆಗಳನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು. ಸಾವಯವ ಎಂದು ಹೋದ ಎಳ್ಳಿನಂಥ ಮಾಲಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ, ಸೂಕ್ಷ್ಮಾಣು ಕೊಲ್ಲಲು ಬಳಸುವ ವಿಷಾನಿಲದ ಅಂಶ ಸಿಕ್ಕಿತ್ತು. ಪೆಟ್ಟು ಬಿದ್ದದ್ದು ಆ ಸಂಸ್ಥೆಗಳ ಪತ್ರ ನಂಬಿಕೊಂಡಿದ್ದ ರೈತರಿಗೂ. 2025ರ ಜನವರಿಯಲ್ಲಿ ಎನ್‌ಪಿಒಪಿಯ ಎಂಟನೆಯ ಪರಿಷ್ಕೃತ ಆವೃತ್ತಿ ಬಂತು.

ಸರ್ಕಾರಿ ಮಾನದಂಡ ಪಾಸಾದರೆ ಎಲ್ಲ ಸರಿ ಎನ್ನುವುದೂ ಅರೆಬೆಂದ ಮಾತು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡ್‌ಗಳ ಜೇನುತುಪ್ಪ ಪರೀಕ್ಷೆ ಮಾಡಿಸಿತು. ಇಲ್ಲಿನ ಪರೀಕ್ಷೆಗಳಲ್ಲಿ ಪಾರಾದ ಹಲವು ಜರ್ಮನಿಯ ಪ್ರಯೋಗಾಲಯದಲ್ಲಿ ನಡೆದ ಎನ್‌ಎಂಆರ್ ಎಂಬ ಹೆಚ್ಚು ಸೂಕ್ಷ್ಮವಾದ ಪರೀಕ್ಷೆಯಲ್ಲಿ ಬಿದ್ದವು. ಸಕ್ಕರೆ ಪಾಕ ಬೆರೆಸುವವರು ನಮ್ಮ ಮಾನದಂಡದ ಕಣ್ಣು ತಪ್ಪಿಸುವುದನ್ನು ಕಲಿತಿದ್ದಾರೆ ಎಂಬುದು ಆ ಕೇಂದ್ರದ ವಾದ. ಕಂಪನಿಗಳು ಅದನ್ನು ಒಪ್ಪಲಿಲ್ಲ.

ನೀವು ಏನು ಮಾಡಬಹುದು? ನನ್ನ ಮೊದಲ ಸಲಹೆ ಆ 28 ಸಾವಿರದಲ್ಲಿ ಒಂದು ಭಾಗವನ್ನು ಪರೀಕ್ಷೆಗೆ ಹಾಕಿ. ಎನ್‌ಎಬಿಎಲ್ ಮಾನ್ಯತೆ ಇರುವ, ಎಫ್‌ಎಸ್‌ಎಸ್‌ಎಐ ಪಟ್ಟಿಯಲ್ಲಿರುವ ಪ್ರಯೋಗಾಲಯಕ್ಕೆ ಉಪ್ಪಿನಕಾಯಿ, ಸಿರಪ್, ಜೇನಿನ ಮಾದರಿ ಕಳಿಸಿ. ಜೇನಿನಲ್ಲಿ ತೇವಾಂಶ ಶೇ 20 ಮೀರಬಾರದು ಎಂಬುದು ನಿಯಮ. ತುಡುವೆ ತುಪ್ಪದಲ್ಲಿ ನೀರಿನಂಶ ಹೇಗೂ ಹೆಚ್ಚು; ನಮ್ಮ ಹವೆಯಲ್ಲಿ ಮೇಣದ ಮುಚ್ಚಳ ಬೀಳುವ ಮೊದಲೇ ತುಪ್ಪ ತೆಗೆದರೆ ಈ ಗೆರೆ ದಾಟುವುದು ಖಂಡಿತ, ಬಾಟಲಿಯಲ್ಲಿ ಹುಳಿ ಬಂದು ನೊರೆ ಏಳುತ್ತದೆ. ಒಂದು ಹನಿ ಹಾಕಿ ತೇವಾಂಶ ನೋಡುವ ರಿಫ್ರಾಕ್ಟೊಮೀಟರ್ ಒಂದನ್ನು ಸಂಘಕ್ಕೆ ಕೊಂಡರೆ ಯಾವ ಪತ್ರಕ್ಕಿಂತಲೂ ಹೆಚ್ಚು ಉಪಯೋಗ. ಪರೀಕ್ಷಾ ವರದಿಗೂ ಒಂದು ಮಿತಿ ಇದೆ: ಅದು ನೀವು ಕಳಿಸಿದ ಆ ಮಾದರಿಯ ಬಗ್ಗೆ ಮಾತ್ರ ಹೇಳುತ್ತದೆ. ಹಾಗಾಗಿ ಬಾಟಲಿಗೆ ತಂಡದ ಸಂಖ್ಯೆ ಹಾಕಿ, ಪ್ರತಿ ತಂಡದಿಂದ ಒಂದೊಂದು ಬಾಟಲಿ ಎತ್ತಿಡಿ.

ಆಮೇಲೆ ಅಂಗಡಿಯವರಿಗೆ ಫೋನು ಮಾಡಿ ‘ಯಾವ ಸರ್ಟಿಫಿಕೇಟ್’ ಎಂದು ಬಿಡಿಸಿ ಕೇಳಿ. ಬಹಳ ಸಲ ಅವರಿಗೆ ಬೇಕಿರುವುದು ಎಫ್‌ಎಸ್‌ಎಸ್‌ಎಐ ಸಂಖ್ಯೆ, ಪರೀಕ್ಷಾ ವರದಿ, ಸರಿಯಾದ ಲೇಬಲ್ ಇಷ್ಟೇ. ಖರೀದಿದಾರ ತನಗೆ ಬೇಕಾದ ಷರತ್ತು ಹಾಕುವುದನ್ನು ಕಾನೂನು ತಡೆಯುವುದಿಲ್ಲ. ಚಿಕ್ಕಮಗಳೂರು ಕಡೆಯ ಕಾಫಿ ತೋಟದವರು ರೇನ್‌ಫಾರೆಸ್ಟ್ ಅಲಯನ್ಸ್ ಪತ್ರ ಮಾಡಿಸುವುದು ಸರ್ಕಾರ ಹೇಳಿತೆಂದಲ್ಲ, ಹೊರದೇಶದ ಕೊಳ್ಳುವವರು ಕೇಳುತ್ತಾರೆಂದು. ನಿಮ್ಮ ಅಂಗಡಿಯವರೂ ನಿಜಕ್ಕೂ ಐಎಸ್‌ಒ 22000 ಬೇಕೇ ಬೇಕು ಎಂದರೆ ಅದರ ಖರ್ಚು ನಿಮ್ಮ ಲಾಭದಲ್ಲಿ ಹುಟ್ಟುತ್ತದೆಯೇ ಎಂದು ಲೆಕ್ಕ ಹಾಕಿ. ನಿಮ್ಮ ಗಾತ್ರದ ಘಟಕಕ್ಕೆ ಹುಟ್ಟುವುದಿಲ್ಲ ಎಂಬುದು ನನ್ನ ಅಂದಾಜು.

ಸಾವಯವದ ದಾರಿ ಹಿಡಿಯಲೇಬೇಕೆಂದರೆ ಕಾಳುಮೆಣಸಿನಿಂದ ಶುರು ಮಾಡಿ, ಪಿಜಿಎಸ್ ಗುಂಪಿನಲ್ಲಿ. ಖರ್ಚು ಕಡಿಮೆ, ಸದಸ್ಯರು ಹೇಗೂ ಒಬ್ಬರಿಗೊಬ್ಬರು ಗೊತ್ತಿರುವವರು. ಕಷ್ಟವೂ ಅಲ್ಲೇ ಇದೆ. ಪಕ್ಕದ ಮನೆಯವರು ಕಳೆನಾಶಕ ಹೊಡೆದದ್ದು ಕಂಡರೂ ಮುಖ ನೋಡಿ ಸುಮ್ಮನಾದರೆ ಇಡೀ ಗುಂಪಿನ ಪತ್ರ ಹೋಗುತ್ತದೆ. ಪಿಜಿಎಸ್ ಪತ್ರ ರಫ್ತಿಗೆ ನಡೆಯುವುದಿಲ್ಲ, ಬೆಂಗಳೂರಿಗೆ ಧಾರಾಳ ಸಾಕು. ಜೇನಿಗೆ ಅಗ್‌ಮಾರ್ಕ್ ಇದೆ, 1937ರ ಕಾಯ್ದೆಯ ಸರ್ಕಾರಿ ಗುರುತು, ಸ್ವಯಂ ಇಚ್ಛೆಯದು. ಪ್ರಮಾಣ ಹೆಚ್ಚಾದಾಗ ಯೋಚಿಸಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವುದು ನಿಮಗೆ ಗೊತ್ತಿರಬಹುದು. ಅದರ ಅಧಿಕೃತ ಬಳಕೆದಾರರಾಗಿ ಮಿಡಿ ಬೆಳೆಯುವ ನಿಮ್ಮ ಸದಸ್ಯರು ಚೆನ್ನೈನ ನೋಂದಣಿ ಕಚೇರಿಗೆ ಅರ್ಜಿ ಹಾಕಬಹುದು. ನನ್ನನ್ನು ಕೇಳಿದರೆ ನಿಮ್ಮ ಮಾಲಿಗೆ ಆರ್ಗ್ಯಾನಿಕ್‌ಗಿಂತ ಇದೇ ಹೆಚ್ಚು ಒಪ್ಪುತ್ತದೆ.

ಸಿಂಹದ ಲಾಂಛನದ ವಿಷಯ: ಖಾಸಗಿಯವರು ರಾಷ್ಟ್ರ ಲಾಂಛನವನ್ನು ಹೀಗೆ ಬಳಸುವುದು 2005ರ ಕಾಯ್ದೆಯ ಪ್ರಕಾರ ಅಪರಾಧ. ಮಾದರಿ ಹಾಳೆಯ ಫೋಟೊ ನಿಮ್ಮ ಮೊಬೈಲಿನಲ್ಲಿದ್ದರೆ ಅಳಿಸಬೇಡಿ. ಮುಂಗಡ ಕೊಟ್ಟಿದ್ದರೆ ರಸೀದಿ ಸಮೇತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಮುದ್ರಿಸಿಟ್ಟ ಲೇಬಲ್ ಬಳಸಬೇಡಿ. ‘ಸಾವಯವ’ ಯಾಕೆ ಬೇಡ ಎಂದು ಹೇಳಿಯಾಯಿತು. 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮದಲ್ಲಿ ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಇಂಥ ಮಾತುಗಳಿಗೂ ಷರತ್ತುಗಳಿವೆ. ‘ಮನೆಯಲ್ಲೇ ಮಾಡಿದ್ದು’ ಎಂದು ಗ್ರಾಹಕರಿಗೆ ತಪ್ಪು ಕಲ್ಪನೆ ಬರುವಂತೆ ಬರೆಯುವುದಕ್ಕೂ ಅವಕಾಶವಿಲ್ಲ. ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ವಿಳಾಸ, ದೂರಿಗೆ ಫೋನ್ ಸಂಖ್ಯೆ, ನಿಮ್ಮ 14 ಅಂಕಿ ಎಲ್ಲವೂ ಇರಲಿ. ಹೊಸ ಲೇಬಲ್ ಅಚ್ಚಿಗೆ ಕೊಡುವ ಮೊದಲು ಅದರ ಕರಡನ್ನು ಶಿವಮೊಗ್ಗದಲ್ಲಿ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿಗೆ ಒಯ್ದು ತೋರಿಸಿ, ಅವರು ಏನಾದರೂ ತಿದ್ದಲು ಹೇಳಿದರೆ ಅದನ್ನು ಬರಹದಲ್ಲೇ ಕೇಳಿ ಪಡೆಯಿರಿ.